ಬಾಯಿ ಬಿಗಿದರೆ ಕೋಶಕ್ಕೆ ಉಸಿರೆಲ್ಲಿ?

ಬಾಗಲಕೋಟೆ ಸೀಮೆಯಲ್ಲಿ ಖಾರ ಬಿಟ್ಟವರು ಅಪರೂಪ. ಕಟಕ ರೊಟ್ಟಿ, ಕೆಂಪು ಮೆಣಸಿನಕಾಯಿಯ ರಂಜಕ, ಮೇಲೊಂದಿಷ್ಟು ಶೇಂಗಾ ಎಣ್ಣೆ ಇದ್ದರೆ ಹೊಲದ ಬುತ್ತಿ ತಯಾರು. ಅಂಥ ಕಡೆ ಇಪ್ಪತ್ತೈದರ ಹುಡುಗನೊಬ್ಬ ‘ಖಾರ ತಿನ್ನಾಕ ಆಗವಲ್ದು, ಬಾಯಿ ಉರಿಯಾಕತ್ತೇತಿ’ ಅಂದರೆ ಮನೆಯವರು ಉಷ್ಣ ಆಗಿದೆ ಎಂದು ಮಜ್ಜಿಗೆ ಕುಡಿಸುತ್ತಾರೆ. ಉರಿ ಹೋಗುವುದಿಲ್ಲ. ಬರಬರುತ್ತ ಮಡಚಿದ ರೊಟ್ಟಿಯ ತುತ್ತು ಬಾಯೊಳಗೆ ಹೋಗುವುದೇ ಕಷ್ಟವಾಗುತ್ತದೆ, ಆಕಳಿಸಿದರೆ ಕೆನ್ನೆ ಎಳೆಯುತ್ತದೆ. ‘ಬಾಯಿ ಬಿಗದೈತ್ರಿ’ ಎಂದು ದವಾಖಾನೆಗೆ ಬರುವುದು ಆವಾಗ. ಬಾಗಲಕೋಟೆಯ ಪಿ.ಎಂ. ನಾಡಗೌಡ ಸ್ಮಾರಕ ದಂತ ವೈದ್ಯಕೀಯ ಕಾಲೇಜಿನಂಥ ಯಾವುದೇ ದಂತ ಕಾಲೇಜಿನ ಓಪಿಡಿಯಲ್ಲಿ ಇದಕ್ಕೆ ಮೊದಲ ತಪಾಸಣೆ ಬಲು ಸರಳ: ಬಾಯಿ ತೆರೆಸಿ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವಿನ ಅಂತರವನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುವುದು. ಅವರವರದೇ ಮೂರು ಬೆರಳು ಒಟ್ಟಾಗಿ ನೆಟ್ಟಗೆ ಹಿಡಿಸಿದರೆ ಬಾಯಿ ಸರಿಯಾಗಿ ತೆರೆಯುತ್ತಿದೆ ಎಂದು ಅರ್ಥ.

ಈ ಕಾಯಿಲೆಯ ಹೆಸರು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. 1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯ ಕೆನ್ಯಾದಲ್ಲಿ ನೆಲೆಸಿದ್ದ ಐವರು ಭಾರತೀಯ ಹೆಣ್ಣುಮಕ್ಕಳ ಬಾಯಲ್ಲಿ ಇದನ್ನು ಗುರುತಿಸಿದರು. ಮರುವರ್ಷ ಮುಂಬಯಿಯ ಜೋಶಿ ಅವರು ಈಗಿನ ಹೆಸರಿಗೆ ಹತ್ತಿರದ ಹೆಸರನ್ನೇ ಕೊಟ್ಟು ವಿವರಿಸಿದರು. ಆಗ ಇದು ಹೆಚ್ಚಾಗಿ ವಯಸ್ಸಾದವರ, ಎಲೆ-ಅಡಿಕೆಯ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡವರ ರೋಗ. ಪಾಕೀಟು ಬಂದ ಮೇಲೆ ಹುಡುಗರ ರೋಗವಾಯಿತು. ಹುನಗುಂದದ ಬಸ್ ನಿಲ್ದಾಣ, ಇಳಕಲ್ಲಿನ ಮಗ್ಗದ ಓಣಿ, ಬಾದಾಮಿಯ ಗುಹೆಗಳಿಗೆ ಹೋಗುವ ರಸ್ತೆ, ಎಲ್ಲಿ ನೋಡಿದರೂ ಪಾನ್ ಅಂಗಡಿಯ ಮುಂದೆ ಬಣ್ಣದ ಪಾಕೀಟಿನ ಸರಗಳು ತೂಗುತ್ತವೆ. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧವಾಗಿದೆ. ಈಗ ಒಂದು ಪಾಕೀಟಿನಲ್ಲಿ ಪಾನ್ ಮಸಾಲಾ, ಇನ್ನೊಂದರಲ್ಲಿ ತಂಬಾಕು; ಕಾನೂನು ಬೇರೆ ಮಾಡಿದ್ದನ್ನು ಗಿರಾಕಿ ಅಂಗೈಯಲ್ಲಿ ಕೂಡಿಸಿಕೊಳ್ಳುತ್ತಾನೆ.

‘ನಾ ತಂಬಾಕ ಹಾಕೂದಿಲ್ರಿ, ಬರೇ ಅಡಿಕಿ’ ಎಂಬ ಸಮಾಧಾನವೂ ನಿಲ್ಲುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕಿಲ್ಲದ ಬರೀ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅಡಿಕೆ ಬೆಳೆಯುವುದರಲ್ಲಿ ದೇಶಕ್ಕೇ ಮುಂದಿರುವ ರಾಜ್ಯ ನಮ್ಮದು. ಹೀಗಾಗಿ ಈ ಮಾತು ಬಂದಾಗಲೆಲ್ಲ ನಮ್ಮ ಜನಪ್ರತಿನಿಧಿಗಳು, ಪಕ್ಷ ಯಾವುದೇ ಇರಲಿ, ವಿಷಯ ಬದಲಿಸುತ್ತಾರೆ. ಬೆಳೆಗಾರನ ಚಿಂತೆ ಸುಳ್ಳಲ್ಲ. ಆದರೆ ಕೆನ್ನೆಯೊಳಗಿನ ಮಾಂಸಕ್ಕೆ ಆ ದಾಕ್ಷಿಣ್ಯ ಇಲ್ಲ.

ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಕ್ಷಾರಗುಣದ ವಸ್ತು ಕೆನ್ನೆಯ ಒಳಪದರದ ಕೆಳಗಿರುವ ಕೋಶಗಳನ್ನು ಕೆಣಕಿ ಕೊಲಾಜನ್ ಎಂಬ ನಾರಿನ ಪ್ರೋಟೀನನ್ನು ಅತಿಯಾಗಿ ಮಾಡಿಸುತ್ತದೆ. ಅಡಿಕೆಯಲ್ಲಿ ತಾಮ್ರದ ಅಂಶವೂ ಹೆಚ್ಚು. ಆ ತಾಮ್ರದ ಬಲದಿಂದ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವ ನಾರುಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಮೊದಮೊದಲು ಅಲ್ಲಿನ ರಕ್ತನಾಳಗಳು ಹಿಗ್ಗಿರುತ್ತವೆ. ರೋಗ ಹಳತಾದಂತೆ ನಾರಿನ ನಡುವೆ ಸಿಕ್ಕಿ ಇರುಕಾಗುತ್ತವೆ, ಕೆಲವು ಮುಚ್ಚಿಯೇ ಹೋಗುತ್ತವೆ. ಗುಲಾಬಿಯಾಗಿದ್ದ ಕೆನ್ನೆಯ ಒಳಭಾಗ ಬಿಳಿಚಿಕೊಳ್ಳುವುದು ಇದಕ್ಕೇ. ರಕ್ತ ಕಡಿಮೆಯಾಯಿತೆಂದರೆ ಆಮ್ಲಜನಕ ಕಡಿಮೆಯಾಯಿತು. ಆಮ್ಲಜನಕ ಸಿಗದ ಕೋಶ ಏನು ಮಾಡುತ್ತದೆ ಎಂಬುದು ಈ ಅಂಕಣದ ವಿಷಯ. ಸುಮ್ಮನೆ ಸಾಯುತ್ತದೆ ಎಂದುಕೊಂಡರೆ ಅದು ಅರ್ಧ ಉತ್ತರ ಮಾತ್ರ.

ಉಳಿದರ್ಧವನ್ನು ಹುಡುಕಿದ ಮೂವರಿಗೆ 2019ರ ವೈದ್ಯಕೀಯ ನೊಬೆಲ್ ಬಂತು. ಅಮೆರಿಕದ ಗ್ರೆಗ್ ಸೆಮೆಂಜಾ, ವಿಲಿಯಂ ಕೆಲಿನ್, ಇಂಗ್ಲೆಂಡಿನ ಪೀಟರ್ ರ‍್ಯಾಟ್‌ಕ್ಲಿಫ್. ಮೂವರೂ ಹೊರಟ ದಾರಿ ಬೇರೆ ಬೇರೆ. ಬೆಟ್ಟದ ಮೇಲಿನ ತೆಳುವಾದ ಗಾಳಿಗೆ ಹೋದವರ ಮೈಯಲ್ಲಿ ಕೆಂಪು ರಕ್ತಕಣಗಳು ಹೆಚ್ಚುತ್ತವೆ. ಮೂತ್ರಪಿಂಡದಲ್ಲಿ ಹುಟ್ಟುವ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನು ಅದನ್ನು ಮಾಡಿಸುತ್ತದೆ ಎಂಬುದು ಹಳೆಯ ಸಂಗತಿ. ಆಮ್ಲಜನಕ ಇಳಿದದ್ದು ಮೂತ್ರಪಿಂಡಕ್ಕೆ ತಿಳಿಯುವುದು ಹೇಗೆ? ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಸೆಮೆಂಜಾ ಆ ಹಾರ್ಮೋನಿನ ಜೀನ್ ಪಕ್ಕದ ಡಿಎನ್‌ಎ ತುಂಡನ್ನು ಹಿಡಿದು ಕೂತರು. ಆಮ್ಲಜನಕ ಕಡಿಮೆಯಾದಾಗಲಷ್ಟೇ ಅಲ್ಲಿಗೆ ಬಂದು ಅಂಟಿಕೊಳ್ಳುವ ಪ್ರೋಟೀನೊಂದು 1992ರಲ್ಲಿ ಸಿಕ್ಕಿತು. ಅದಕ್ಕೆ ಎಚ್‌ಐಎಫ್-1 ಎಂದು ಹೆಸರಿಟ್ಟರು. ಪ್ರಯೋಗಾಲಯದವರ ಬಾಯಲ್ಲಿ ಅದು ಬರೀ ‘ಹಿಫ್’. ಆಕ್ಸ್‌ಫರ್ಡ್‌ನಲ್ಲಿ ರ‍್ಯಾಟ್‌ಕ್ಲಿಫ್ ಕಂಡದ್ದು ಇನ್ನೊಂದು ವಿಚಿತ್ರ: ಎರಿತ್ರೊಪೊಯೆಟಿನ್ ಜೊತೆ ಯಾವ ಸಂಬಂಧವೂ ಇಲ್ಲದ ಕೋಶಗಳಿಗೂ ಆಮ್ಲಜನಕ ಅಳೆಯುವ ಈ ಶಕ್ತಿ ಇದೆ. 1992ರಲ್ಲಿ ಅವರು ಅದನ್ನು ಬರೆದು ಕಳಿಸಿದಾಗ ‘ನೇಚರ್’ ಪತ್ರಿಕೆ ವಾಪಸು ಮಾಡಿತು. ಆ ತಿರಸ್ಕಾರ ಪತ್ರವನ್ನು ಅವರು ಜೋಪಾನವಾಗಿ ಇಟ್ಟುಕೊಂಡಿದ್ದರು ಎಂಬುದು ನೊಬೆಲ್ ಬಂದ ಮೇಲೆ ಎಲ್ಲರಿಗೂ ತಿಳಿಯಿತು.

ಹಿಫ್ ಕೆಲಸ ಮಾಡುವ ರೀತಿ ಸ್ವಲ್ಪ ದುಂದಿನದು. ಕೋಶ ಇದರ ಆಲ್ಫಾ ಭಾಗವನ್ನು ಯಾವಾಗಲೂ ತಯಾರಿಸುತ್ತಲೇ ಇರುತ್ತದೆ, ತಯಾರಿಸಿದ್ದನ್ನು ಕೂಡಲೇ ಒಡೆಯುತ್ತಲೇ ಇರುತ್ತದೆ. ಆಮ್ಲಜನಕ ಸಾಕಷ್ಟಿದ್ದಾಗ ಒಂದು ಹಿಫ್ ಅಣುವಿನ ಆಯಸ್ಸು ಹೆಚ್ಚೆಂದರೆ ಕೆಲವು ನಿಮಿಷ. ಒಡೆಯುವ ಕೆಲಸಕ್ಕೆ ಮೊದಲು ಗುರುತು ಬೀಳಬೇಕು. ಹಿಫ್‌ನ ಮೈಮೇಲೆ ಪ್ರೋಲಿನ್ ಎಂಬ ಅಮೈನೋ ಆಮ್ಲ ಇರುವ ಎರಡು ಜಾಗಗಳಿವೆ, 402 ಮತ್ತು 564ನೆಯವು. ಪಿಎಚ್‌ಡಿ-2 ಎಂಬ ಕಿಣ್ವ (ಪದವಿಯಲ್ಲ, ಹೆಸರೇ ಹಾಗಿದೆ) ಆ ಜಾಗಕ್ಕೆ ಒಂದು ಆಮ್ಲಜನಕದ ಪರಮಾಣುವನ್ನು ಸೇರಿಸುತ್ತದೆ. ಆ ಗುರುತು ಕಂಡೊಡನೆ ವಿಎಚ್‌ಎಲ್ ಎಂಬ ಇನ್ನೊಂದು ಪ್ರೋಟೀನ್ ಬಂದು ಹಿಡಿದುಕೊಳ್ಳುತ್ತದೆ, ಒಡೆಯಬೇಕೆಂದು ಸೂಚಿಸುವ ಯುಬಿಕ್ವಿಟಿನ್ ಎಂಬ ಚೀಟಿ ಅಂಟಿಸುತ್ತದೆ. ಪ್ರೋಟಿಯಾಸೋಮ್ ಎಂಬ ಯಂತ್ರದಲ್ಲಿ ಹಿಫ್ ಪುಡಿಯಾಗುತ್ತದೆ.

ಪಿಎಚ್‌ಡಿ-2 ಕೆಲಸ ಮಾಡಬೇಕಾದರೆ ಆಮ್ಲಜನಕ ಬೇಕು, ಕಬ್ಬಿಣ ಬೇಕು, ಆ ಕಬ್ಬಿಣವನ್ನು ಸರಿಯಾದ ಸ್ಥಿತಿಯಲ್ಲಿಡಲು ಸಿ ಜೀವಸತ್ವವೂ ಬೇಕು. ಆಮ್ಲಜನಕ ಇಳಿಯಿತೋ, ಗುರುತು ಬೀಳುವುದಿಲ್ಲ. ಗುರುತಿಲ್ಲದ ಹಿಫ್ ಆಲ್ಫಾ ಉಳಿದುಕೊಂಡು ಕೋಶಕೇಂದ್ರಕ್ಕೆ ಹೋಗುತ್ತದೆ, ಅಲ್ಲಿ ತನ್ನ ಜೊತೆಗಾರ ಬೀಟಾ ಭಾಗದೊಂದಿಗೆ ಕೂಡಿ ನೂರಾರು ಜೀನ್‌ಗಳನ್ನು ಎಬ್ಬಿಸುತ್ತದೆ. ಕೋಶದಲ್ಲಿ ಆಮ್ಲಜನಕವನ್ನು ಅಳೆಯಲು ಬೇರೊಂದು ಮೀಟರಿಲ್ಲ. ಒಂದು ಪ್ರೋಟೀನ್ ಸಾಯದೆ ಉಳಿದದ್ದೇ ಆಮ್ಲಜನಕ ಕಡಿಮೆಯಾದ ಸುದ್ದಿ. ಈ ಗುರುತಿನ ಗುಟ್ಟನ್ನು ಕೆಲಿನ್ ತಂಡ ಮತ್ತು ರ‍್ಯಾಟ್‌ಕ್ಲಿಫ್ ತಂಡ 2001ರಲ್ಲಿ ‘ಸೈನ್ಸ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬೇರೆ ಬೇರೆಯಾಗಿ ಪ್ರಕಟಿಸಿದವು.

ಇಲ್ಲಿ ಒಂದು ಮಾತು ಮುಚ್ಚಿಡುವುದು ಸರಿಯಲ್ಲ. 2022ರಲ್ಲಿ ಸೆಮೆಂಜಾ ಅವರ ನಾಲ್ಕು ಪ್ರಬಂಧಗಳನ್ನು ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಿಂದ ಹಿಂಪಡೆಯಲಾಯಿತು. ಚಿತ್ರ ಮತ್ತು ದತ್ತಾಂಶಗಳ ಬಗ್ಗೆ ಪ್ರಶ್ನೆ ಎದ್ದಿತ್ತು. ಹಿಫ್ ಎಂಬ ಮೂಲ ಶೋಧ ಅದರಿಂದ ಅಲುಗಲಿಲ್ಲ. ಜಗತ್ತಿನ ನೂರಾರು ಪ್ರಯೋಗಾಲಯಗಳು ಅದನ್ನು ಮಾಡಿ ನೋಡಿವೆ, ಅದರ ಮೇಲೆ ಔಷಧಿ ಕಟ್ಟಿವೆ. ಆದರೂ ನೊಬೆಲ್ ಎಂದೊಡನೆ ಕೈಮುಗಿದು ನಿಲ್ಲುವ ನಮ್ಮ ವಿಜ್ಞಾನ ಬರಹಗಾರರು ಇದನ್ನೂ ಬರೆಯಬೇಕು.

ಕೆಲಿನ್ ಹಿಫ್ ಹುಡುಕಿ ಹೊರಟವರೇ ಅಲ್ಲ. ಬಾಸ್ಟನ್ನಿನ ಕ್ಯಾನ್ಸರ್ ವೈದ್ಯರಾದ ಅವರು ವಾನ್ ಹಿಪ್ಪೆಲ್-ಲಿಂಡೌ ಎಂಬ ವಂಶಪಾರಂಪರ್ಯ ಕಾಯಿಲೆಯ ಹಿಂದೆ ಬಿದ್ದಿದ್ದರು. ಆ ಕುಟುಂಬಗಳಲ್ಲಿ ಕಣ್ಣಿನ ಅಕ್ಷಿಪಟಲ, ಕಿರುಮೆದುಳು, ಮೂತ್ರಪಿಂಡಗಳಲ್ಲಿ ರಕ್ತನಾಳ ತುಂಬಿದ ಗಡ್ಡೆಗಳು ಏಳುತ್ತವೆ. ಕೆಲವರಲ್ಲಿ ಕೆಂಪು ರಕ್ತಕಣಗಳೂ ಮಿತಿಮೀರುತ್ತವೆ. ಆಮ್ಲಜನಕ ಸರಿಯಾಗಿಯೇ ಇದೆ, ಗಡ್ಡೆ ಮಾತ್ರ ಉಸಿರುಗಟ್ಟಿದಂತೆ ವರ್ತಿಸುತ್ತಿದೆ! ಆ ಕಾಯಿಲೆಯಿಂದಲೇ ಹೆಸರು ಪಡೆದ ವಿಎಚ್‌ಎಲ್ ಜೀನ್ ಈ ರೋಗಿಗಳಲ್ಲಿ ಕೆಟ್ಟಿದ್ದರಿಂದ ಹಿಫ್ ಅನ್ನು ಹಿಡಿದು ಒಡೆಸುವವರೇ ಇರಲಿಲ್ಲ. ಮೂತ್ರಪಿಂಡದ ಕ್ಯಾನ್ಸರಿನಲ್ಲಿ ಬಹುಪಾಲು ‘ಕ್ಲಿಯರ್ ಸೆಲ್’ ಎಂಬ ಬಗೆಯದು. ವಂಶದಲ್ಲಿ ಯಾರಿಗೂ ಇಲ್ಲದೆ ಬರುವ ಅಂಥ ಗಡ್ಡೆಗಳಲ್ಲೂ ಹೆಚ್ಚಿನವುಗಳಲ್ಲಿ ಇದೇ ವಿಎಚ್‌ಎಲ್ ಕೈಕೊಟ್ಟಿರುತ್ತದೆ ಎಂದು ಆಮೇಲೆ ಗೊತ್ತಾಯಿತು.

ಉಳಿದ ಗಡ್ಡೆಗಳಲ್ಲಿ ಜೀನ್ ಕೆಡಬೇಕಾಗಿಯೇ ಇಲ್ಲ, ಆಮ್ಲಜನಕದ ಕೊರತೆ ನಿಜವಾಗಿಯೇ ಇರುತ್ತದೆ. 1955ರಲ್ಲಿ ಥಾಮ್ಲಿನ್ಸನ್ ಮತ್ತು ಗ್ರೇ ಎಂಬ ಬ್ರಿಟಿಷ್ ಸಂಶೋಧಕರು ಶ್ವಾಸಕೋಶದ ಕ್ಯಾನ್ಸರಿನ ತೆಳು ಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆದರು. ರಕ್ತನಾಳದ ಪಕ್ಕದ ಕೋಶಗಳು ಗಟ್ಟಿಮುಟ್ಟಾಗಿದ್ದವು. ಸುಮಾರು 150ರಿಂದ 180 ಮೈಕ್ರಾನ್ ಆಚೆಯ ಕೋಶಗಳು ಸತ್ತಿದ್ದವು. ಒಂದು ಮಿಲಿಮೀಟರಿನ ಐದನೇ ಒಂದು ಭಾಗವನ್ನೂ ಆಮ್ಲಜನಕ ದಾಟಲಾರದು. ಮಲಪ್ರಭಾ ಕಾಲುವೆಯ ಟೇಲೆಂಡ್ ರೈತರಿಗೆ ಇದನ್ನು ವಿವರಿಸಬೇಕಿಲ್ಲ. ತೂಬಿನ ಹತ್ತಿರದವರಿಗೆ ಎರಡು ಬೆಳೆ, ಕೊನೆಯವರಿಗೆ ಒಣ ಕಾಲುವೆ. ನಡುವೆ ಇರುವವರು ಬದುಕಲೂ ಆಗದೆ ಸಾಯಲೂ ಆಗದೆ ರಾತ್ರಿ ಹೋಗಿ ಕಾಲುವೆ ಒಡೆದು ನೀರು ತಿರುಗಿಸಿಕೊಳ್ಳುತ್ತಾರೆ. ಗಡ್ಡೆಯಲ್ಲಿ ಅಪಾಯಕಾರಿಯಾದವು ಈ ನಡುವಿನ ಕೋಶಗಳು.

ಅವುಗಳಲ್ಲಿ ಹಿಫ್ ಉಳಿದುಕೊಂಡು ಒಂದೊಂದೇ ಕೆಲಸ ಶುರು ಮಾಡುತ್ತದೆ. ವಿಇಜಿಎಫ್ ಎಂಬ ಪ್ರೋಟೀನನ್ನು ಹೊರಬಿಟ್ಟು ಹೊಸ ರಕ್ತನಾಳಗಳನ್ನು ಕರೆಸುತ್ತದೆ. ಅವಸರದಲ್ಲಿ ಹುಟ್ಟಿದ ನಾಳಗಳು ಅಂಕುಡೊಂಕು, ಸೋರುವಂಥವು. ಅವುಗಳಿಂದ ಆಮ್ಲಜನಕದ ಕೊರತೆ ಪೂರ್ತಿ ನೀಗುವುದೂ ಇಲ್ಲ, ಹಾಗಾಗಿ ಹಿಫ್ ಇಳಿಯುವುದೂ ಇಲ್ಲ. ಸಕ್ಕರೆಯನ್ನು ಒಳಗೆಳೆಯುವ ಪ್ರೋಟೀನ್‌ಗಳು ಹೆಚ್ಚುತ್ತವೆ. ಆಮ್ಲಜನಕವಿಲ್ಲದೆಯೇ ಸಕ್ಕರೆಯನ್ನು ಅರೆಬರೆ ಒಡೆದು ಕೋಶ ಬದುಕುತ್ತದೆ. ಕ್ಯಾನ್ಸರ್ ರೋಗಿಗಳಿಗೆ ಪೆಟ್ ಸ್ಕ್ಯಾನ್ ಮಾಡಿದಾಗ ಗಡ್ಡೆ ಹೊಳೆಯುವುದು ಈ ಸಕ್ಕರೆಯ ಹಸಿವಿನಿಂದಲೇ. ಹೀಗೆ ಒಡೆದಾಗ ಉಳಿಯುವ ಲ್ಯಾಕ್ಟಿಕ್ ಆಮ್ಲದಿಂದ ತಾನೇ ಸುಟ್ಟುಕೊಳ್ಳದಂತೆ ಆಮ್ಲವನ್ನು ಹೊರಹಾಕುವ ಏರ್ಪಾಡನ್ನೂ ಹಿಫ್ ಮಾಡಿಸುತ್ತದೆ. ಇಷ್ಟರ ಜೊತೆಗೆ ಇನ್ನೊಂದು ಜರಡಿ ಹಿಡಿಯುವ ಕೆಲಸ ನಡೆಯುತ್ತಿರುತ್ತದೆ. ಆಮ್ಲಜನಕ ಇಲ್ಲದ ಕಡೆ ಆರೋಗ್ಯವಂತ ಪಿ53 ಜೀನ್ ಇರುವ ಕೋಶಗಳು ತಾವಾಗಿ ಸಾಯುತ್ತವೆ, ಆ ಜೀನ್ ಕೆಟ್ಟವು ಉಳಿಯುತ್ತವೆ ಎಂದು 1996ರಲ್ಲೇ ತೋರಿಸಲಾಗಿದೆ. ಒಳ್ಳೆಯವನ್ನು ಕೊಂದು ಪುಂಡ ಕೋಶಗಳನ್ನು ಆರಿಸುವುದು, ಉಸಿರುಗಟ್ಟಿದ ಗಡ್ಡೆಯ ಒಳಗೆ ದಿನವೂ ನಡೆಯುವ ವ್ಯವಹಾರ.

ಈಗ ಬಿಗಿದ ಬಾಯಿಯ ವಿಚಾರ. ಶ್ರೀಲಂಕಾದ ತಿಲಕರತ್ನೆ ಮತ್ತು ಲಂಡನ್ನಿನ ಅವರ ಸಹೋದ್ಯೋಗಿಗಳು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಡಿಕೆಯಿಂದ ಬಿಗಿದ ಕೆನ್ನೆಯ ಅಂಗಾಂಶದಲ್ಲಿ ಹಿಫ್-1 ಆಲ್ಫಾ ಹೆಚ್ಚಿರುವುದನ್ನು ಕಂಡರು. ಕ್ಯಾನ್ಸರಿಗೆ ತಿರುಗುವುದರಲ್ಲಿ ಅದರ ಪಾತ್ರವಿರಬಹುದೆಂದು ವಾದಿಸಿದರು. ನನಗೆ ಇದಕ್ಕಿಂತ ಹೆಚ್ಚು ದಿಗಿಲು ಹುಟ್ಟಿಸುವುದು ಇನ್ನೊಂದು ಕೊಂಡಿ. ನಾರು ಬಿಗಿಯುವ ಲೈಸಿಲ್ ಆಕ್ಸಿಡೇಸ್ ಕಿಣ್ವದ ಮಾತು ಬಂತಲ್ಲ, ಆ ಕಿಣ್ವದ ಜೀನನ್ನು ಎಬ್ಬಿಸುವುದೂ ಹಿಫ್. ಸ್ಟ್ಯಾನ್‌ಫರ್ಡ್ ತಂಡವೊಂದು 2006ರಲ್ಲಿ ತೋರಿಸಿದಂತೆ ಕಡಿಮೆ ಆಮ್ಲಜನಕದಲ್ಲಿ ಹೆಚ್ಚುವ ಈ ಕಿಣ್ವ ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡಲೂ ಸಹಾಯ ಮಾಡುತ್ತದೆ. ಎರಡನ್ನೂ ಕೂಡಿಸಿ ನೋಡಿ: ಅಡಿಕೆಯಿಂದ ನಾರು ಬಿಗಿಯಿತು, ನಾಳ ಇರುಕಾಯಿತು, ಆಮ್ಲಜನಕ ಇಳಿಯಿತು, ಹಿಫ್ ಏರಿತು, ಹಿಫ್‌ನಿಂದ ಇನ್ನಷ್ಟು ನಾರು ಬಿಗಿಯುವ ಕಿಣ್ವ. ಪಾಕೀಟು ಬಿಟ್ಟ ಮೇಲೂ ಬಾಯಿ ತಾನಾಗಿ ಪೂರ್ತಿ ಬಿಡಿಸಿಕೊಳ್ಳದಿರುವುದಕ್ಕೆ ಈ ಸುತ್ತು ಒಂದು ಕಾರಣವಾಗಿರಲು ಸಾಧ್ಯ.

ಎಲ್ಲ ಬಿಗಿದ ಬಾಯಿಗಳೂ ಕ್ಯಾನ್ಸರ್ ಆಗುವುದಿಲ್ಲ. ಕೇರಳದ ಎರ್ನಾಕುಲಂನಲ್ಲಿ 66 ರೋಗಿಗಳನ್ನು 17 ವರ್ಷಗಳ ಅವಧಿಯಲ್ಲಿ ಗಮನಿಸಿದ ಹಳೆಯ ಅಧ್ಯಯನದಲ್ಲಿ ಶೇ 7.6 ಮಂದಿಯಲ್ಲಿ ಕ್ಯಾನ್ಸರ್ ಬಂತು. ಚಿಕ್ಕದೆನಿಸಬಹುದು. ದೇಶದಲ್ಲಿ ಅಡಿಕೆ, ತಂಬಾಕು ಜಗಿಯುವವರು ಎಷ್ಟು ಕೋಟಿ ಎಂದು ಯೋಚಿಸಿದರೆ ಚಿಕ್ಕದಲ್ಲ. 2022ರಲ್ಲಿ ಜಗತ್ತಿನಲ್ಲಿ ಕಂಡ ಬಾಯಿ ಕ್ಯಾನ್ಸರುಗಳಲ್ಲಿ ಸುಮಾರು 1,20,200 ಪ್ರಕರಣಗಳಿಗೆ ಹೊಗೆರಹಿತ ತಂಬಾಕು ಮತ್ತು ಅಡಿಕೆಯೇ ಕಾರಣ ಎಂದು 2024ರ ಅಂದಾಜು. ಅದರಲ್ಲಿ 83,400 ಭಾರತದವು. ನಮ್ಮ ಗಂಡಸರಲ್ಲಿ ಎಲ್ಲ ಕ್ಯಾನ್ಸರುಗಳ ಪೈಕಿ ಮೊದಲ ಸ್ಥಾನ ಬಾಯಿಯದೇ.

ಕ್ಯಾನ್ಸರ್ ಆದ ಮೇಲೆ ಬಾಗಲಕೋಟೆ ಸೀಮೆಯ ಎಷ್ಟೋ ಕುಟುಂಬಗಳು ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿಗೋ ಗಂಟುಮೂಟೆ ಕಟ್ಟುತ್ತವೆ. ಶಸ್ತ್ರಚಿಕಿತ್ಸೆ, ಆಮೇಲೆ ನಮ್ಮ ಜನ ‘ಕರೆಂಟ್ ಕೊಡೂದು’ ಎನ್ನುವ ವಿಕಿರಣ ಚಿಕಿತ್ಸೆ: ವಾರಕ್ಕೆ ಐದು ದಿನ, ಆರೇಳು ವಾರ. ಆಮ್ಲಜನಕದ ಪ್ರಶ್ನೆ ಇಲ್ಲಿ ಮತ್ತೆ ಎದುರಾಗುತ್ತದೆ. ವಿಕಿರಣ ಡಿಎನ್‌ಎಗೆ ಮಾಡಿದ ಗಾಯ ಕಾಯಂ ಆಗಬೇಕಾದರೆ ಆಮ್ಲಜನಕ ಅಲ್ಲಿರಬೇಕು. ಆಮ್ಲಜನಕ ಇಲ್ಲದ ಕೋಶವನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ವಿಕಿರಣ ಬೇಕು. 1993ರಲ್ಲಿ ಕೆನಡಾದ ವೈದ್ಯರು ತಲೆ-ಕುತ್ತಿಗೆ ಕ್ಯಾನ್ಸರಿನ ರೋಗಿಗಳಲ್ಲಿ ಕಂಡದ್ದು ಹೀಗೆ: ಚಿಕಿತ್ಸೆಯ ಸಮಯದಲ್ಲೂ ಸಿಗರೇಟು ಸೇದುತ್ತಿದ್ದವರಲ್ಲಿ ಗಡ್ಡೆ ಪೂರ್ತಿ ಕರಗಿದ್ದು ಶೇ 45 ಮಂದಿಗೆ, ಸೇದದವರಲ್ಲಿ ಶೇ 74 ಮಂದಿಗೆ. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್‌ನಲ್ಲಿ ಆಮ್ಲಜನಕದ ಜಾಗವನ್ನು ಹಿಡಿದು ಕೂರುತ್ತದೆ, ಇದು ಒಂದು ವಿವರಣೆ. ‘ಹೆಂಗೂ ಕ್ಯಾನ್ಸರ್ ಆಗೇತಿ, ಇನ್ನ ಬೀಡಿ ಬಿಟ್ಟು ಏನ್ ಮಾಡೂದೈತಿ’ ಎನ್ನುವ ಹಿರಿಯರಿಗೆ ಈ ಎರಡು ಅಂಕಿಗಳನ್ನು ಹೇಳಬೇಕು.

ಹಾಗಿದ್ದರೆ ರಕ್ತ ಹೆಚ್ಚಿಸಿದರಾಯಿತಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ವೈದ್ಯರಿಗೂ ಹಾಗೇ ಅನಿಸಿತು. ರಕ್ತ ಕಡಿಮೆ ಇದ್ದ ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳಿಗೆ ವಿಕಿರಣದ ಜೊತೆ ಎರಿತ್ರೊಪೊಯೆಟಿನ್ ಚುಚ್ಚುಮದ್ದು ಕೊಟ್ಟು ನೋಡಿದರು. 351 ರೋಗಿಗಳ ಮೇಲಿನ ಆ ಯುರೋಪಿನ ಪರೀಕ್ಷೆಯ ಫಲಿತಾಂಶ 2003ರಲ್ಲಿ ಬಂದಾಗ ಎಲ್ಲರೂ ದಂಗಾದರು. ಹಿಮೋಗ್ಲೋಬಿನ್ ಏರಿತ್ತು, ರೋಗ ಮಾತ್ರ ಇನ್ನೂ ಬೇಗ ಮರುಕಳಿಸಿತ್ತು. ಡೆನ್ಮಾರ್ಕಿನವರು ಬೇರೆ ದಾರಿ ಹಿಡಿದು, ಗಡ್ಡೆಯೊಳಗೆ ಆಮ್ಲಜನಕದಂತೆ ವರ್ತಿಸುವ ನಿಮೊರಜೋಲ್ ಮಾತ್ರೆಯನ್ನು ವಿಕಿರಣಕ್ಕೆ ಮುಂಚೆ ಕೊಟ್ಟರು. ಗಂಟಲಿನ ಕ್ಯಾನ್ಸರುಗಳಲ್ಲಿ ಐದು ವರ್ಷದ ಹತೋಟಿ ಶೇ 33ರಿಂದ 49ಕ್ಕೆ ಏರಿತು. ಅಲ್ಲಿ ಅದು ವಾಡಿಕೆಯ ಚಿಕಿತ್ಸೆಯಾಯಿತು. ಬ್ರಿಟನ್ನಿನಲ್ಲಿ ಇತ್ತೀಚೆಗೆ ಅದೇ ಮಾತ್ರೆಯನ್ನು ಪರೀಕ್ಷಿಸಿದಾಗ ಲಾಭ ಕಾಣಲಿಲ್ಲ. ಉಸಿರುಗಟ್ಟಿದ ಗಡ್ಡೆಗೆ ಹೊರಗಿನಿಂದ ಉಸಿರು ತುಂಬುವುದು ಕಾಗದದ ಮೇಲಿದ್ದಷ್ಟು ಸುಲಭವಲ್ಲ.

ಹಿಫ್ ಅನ್ನೇ ಹಿಡಿಯುವ ಔಷಧಿ ಬಂದದ್ದು ಮೂತ್ರಪಿಂಡದ ಕಡೆಯಿಂದ. ಹಿಫ್-1ರ ಸೋದರ ಹಿಫ್-2 ಆಲ್ಫಾದ ಮೈಯಲ್ಲಿ ಒಂದು ಸಣ್ಣ ಪೊಳ್ಳು ಇದೆ ಎಂದು ಅಮೆರಿಕದ ಡಲ್ಲಾಸಿನ ವಿಜ್ಞಾನಿಗಳು ಕಂಡುಕೊಂಡರು. ಅಲ್ಲಿ ಹೋಗಿ ಕೂತು ಅದು ಬೀಟಾ ಭಾಗದೊಂದಿಗೆ ಕೂಡದಂತೆ ತಡೆಯುವ ಬೆಲ್ಜುಟಿಫಾನ್ ಮಾತ್ರೆಗೆ 2021ರಲ್ಲಿ ವಾನ್ ಹಿಪ್ಪೆಲ್-ಲಿಂಡೌ ರೋಗಿಗಳ ಗಡ್ಡೆಗಳಿಗೆ, 2023ರಲ್ಲಿ ಮುಂದುವರಿದ ಮೂತ್ರಪಿಂಡ ಕ್ಯಾನ್ಸರಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದೇ ಹೊತ್ತಿಗೆ, 2022ರಲ್ಲಿ, ನಮ್ಮ ದೇಶದಲ್ಲಿ ಇದಕ್ಕೆ ತದ್ವಿರುದ್ಧ ಕೆಲಸದ ಡೆಸಿಡುಸ್ಟ್ಯಾಟ್ ಮಾತ್ರೆ ಬಂತು. ಗುಜರಾತಿನ ಜೈಡಸ್ ಕಂಪನಿಯ ಈ ಔಷಧಿ ಪಿಎಚ್‌ಡಿ ಕಿಣ್ವಗಳನ್ನು ತಡೆದು ಹಿಫ್ ಅನ್ನು ಉಳಿಸುತ್ತದೆ, ಮೂತ್ರಪಿಂಡ ಸೋತವರ ಮೈಯಲ್ಲಿ ರಕ್ತ ಹೆಚ್ಚಿಸುತ್ತದೆ. ಒಬ್ಬರಿಗೆ ಹಿಫ್ ಏರಿಸಬೇಕು, ಇನ್ನೊಬ್ಬರಿಗೆ ಇಳಿಸಬೇಕು. ಹೀಗಾಗಿ ಡಯಾಲಿಸಿಸ್‌ಗೆ ಹೋಗುವವರು ತಮಗೆ ಹಿಂದೆ ಕ್ಯಾನ್ಸರ್ ಆಗಿದ್ದರೆ ಅದನ್ನು ಮೂತ್ರಪಿಂಡದ ಡಾಕ್ಟರಿಗೆ ಮೊದಲೇ ಹೇಳುವುದು ಒಳ್ಳೆಯದು.

ಈ ವಿಜ್ಞಾನ ನಮ್ಮ ಸೀಮೆಗೆ ತೀರಾ ಪರಕೀಯವೇನಲ್ಲ. 1997ರವರೆಗೆ ನಾವು ಯಾವ ಜಿಲ್ಲೆಯಲ್ಲಿದ್ದೆವೋ ಆ ವಿಜಯಪುರದ ಬಿಎಲ್‌ಡಿಇ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಕುಸಲ್ ಕೆ. ದಾಸ್ ಅವರ ಶರೀರಕ್ರಿಯಾ ಪ್ರಯೋಗಾಲಯ ಆಮ್ಲಜನಕದ ಕೊರತೆ, ಸೀಸ ಮತ್ತು ನಿಕ್ಕಲ್‌ನಂಥ ಲೋಹಗಳು ಇಲಿಗಳ ಅಂಗಾಂಗಗಳ ಮೇಲೆ ಮಾಡುವ ಪರಿಣಾಮವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದೆ. ಎಂ.ಎಸ್. ಬಿರಾದಾರ ಅವರೊಡನೆ ದಾಸ್ ಸಂಪಾದಿಸಿದ, ಆಮ್ಲಜನಕದ ಕೊರತೆಯನ್ನೇ ಕುರಿತ ಇಂಗ್ಲಿಷ್ ಗ್ರಂಥ 2018ರಲ್ಲಿ ಹೊರಬಂತು. ನಿಕ್ಕಲ್‌ಗೂ ಹಿಫ್‌ಗೂ ಸಂಬಂಧ ಇದೆ: ಅದು ಕೋಶದೊಳಗಿನ ಸಿ ಜೀವಸತ್ವವನ್ನು ಬರಿದು ಮಾಡಿ ಪಿಎಚ್‌ಡಿ ಕಿಣ್ವದ ಕೈಕಟ್ಟುತ್ತದೆ, ಆಮ್ಲಜನಕ ಇದ್ದರೂ ಕೋಶ ಇಲ್ಲವೆಂದುಕೊಳ್ಳುತ್ತದೆ.

ಬಿಗಿದ ಬಾಯಿಗೆ ಇವತ್ತು ಕೊಡುವ ಚಿಕಿತ್ಸೆಯಲ್ಲಿ ಹಿಫ್ ತಡೆಯುವ ಔಷಧಿ ಇಲ್ಲ. ಅಡಿಕೆ ಪೂರ್ತಿ ಬಿಡಿಸುತ್ತಾರೆ, ಕೆನ್ನೆಗೆ ಸ್ಟಿರಾಯ್ಡ್ ಮತ್ತು ಹೈಲ್ಯುರಾನಿಡೇಸ್ ಚುಚ್ಚುಮದ್ದು ಕೊಡುತ್ತಾರೆ, ದಿನವೂ ಬಾಯಿ ಹಿಗ್ಗಿಸುವ ವ್ಯಾಯಾಮ ಹೇಳಿಕೊಡುತ್ತಾರೆ. ತೀರಾ ಬಿಗಿದಿದ್ದರೆ ನಾರಿನ ಪಟ್ಟಿಗಳನ್ನು ಕೊಯ್ದು ಬಿಡಿಸುತ್ತಾರೆ. ಖಾರ ತಿನ್ನುವಷ್ಟು ಹಗುರಾದ ಮೇಲೆ ರೋಗಿ ಮತ್ತೆ ಬರುವುದಿಲ್ಲ, ಅದೇ ತೊಡಕು. ಬಾಯಿ ಬಿಟ್ಟುಕೊಂಡರೂ ಕ್ಯಾನ್ಸರಿನ ಅಪಾಯ ಪೂರ್ತಿ ಹೋಗಿರುವುದಿಲ್ಲ. ಆರು ತಿಂಗಳಿಗೊಮ್ಮೆಯಾದರೂ ಬಂದು ತೋರಿಸಿ, ವಾಸಿಯಾಗದ ಹುಣ್ಣೋ ಬಿಳಿ-ಕೆಂಪು ಮಚ್ಚೆಯೋ ಕಂಡರೆ ಒಂದು ಸಣ್ಣ ಚೂರು ತೆಗೆಸಿ ಬಯಾಪ್ಸಿಗೆ ಕಳಿಸಬೇಕು.